ತುಮಿನಾಳ ಬೈಯುವ ಕೆಲಸ

ನಮ್ಮ ಕ್ಲಾತೆನ್‌ನಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಕೋಪ ಬಂದರೆ ನಗುತ್ತೇವೆ. ತುಂಬಾ ಕೋಪ ಬಂದರೆ ಕೂರಿಸಿ ಚಹಾ ಕೊಡುತ್ತೇವೆ. ಪಕ್ಕದ ಮನೆಯವನ ಹುಂಜ ನಮ್ಮ ಬದನೆ ಸಸಿಗಳನ್ನೆಲ್ಲ ಕೆದರಿ ಹಾಕಿದರೆ ಅವನ ಮನೆಗೆ ಹೋಗಿ, ನಿಮ್ಮ ಹುಂಜ ಎಷ್ಟು ಚುರುಕಾಗಿದೆ ಎಂದು ಹೊಗಳಿ ಬರುತ್ತೇವೆ. ಅವನಿಗೆ ಅರ್ಥವಾಗುತ್ತದೆ, ಸಂಜೆಯೊಳಗೆ ಹುಂಜವನ್ನು ಕಟ್ಟಿಹಾಕುತ್ತಾನೆ. ಹೀಗೆ ನೆಮ್ಮದಿಯಾಗಿದ್ದ ಊರಿಗೆ ತುಮಿನಾ ತೆಗಾಲ್‌ನಿಂದ ಸೊಸೆಯಾಗಿ ಬಂದಳು.

ತೆಗಾಲ್ ಕಡಲ ದಂಡೆಯ ಊರು. ಅಲ್ಲಿಯವರು ಆಡುವುದೂ ಜಾವಾದ ಮಾತೇ. ಆದರೆ ನಾವು ಅದನ್ನು ಪಿಸುಗುಟ್ಟಿದರೆ ಅವರು ಕಲ್ಲು ಒಡೆದ ಹಾಗೆ ಒಡೆಯುತ್ತಾರೆ. ಮದುವೆಯಾಗಿ ಬಂದ ಮರುದಿನವೇ ತುಮಿನಾ ಬಾವಿಕಟ್ಟೆಯಲ್ಲಿ ನಿಂತು ಅತ್ತೆಗೆ, "ಬು, ನಿಮ್ಮ ಸಾರು ನೀರಾಗಿದೆ" ಎಂದಳಂತೆ. ಬು ಅಂದರೆ ಅಮ್ಮ. ಆ ಅಮ್ಮ ಮೂರು ದಿನ ಮಲಗಿಬಿಟ್ಟರು. ಗಂಡ ಬಸ್ ಮೆಕ್ಯಾನಿಕ್, ಒಳ್ಳೆಯವನು, ಇಂಜಿನ್ನಿನ ಸದ್ದಿನಲ್ಲೇ ಬೆಳೆದವನಾದ್ದರಿಂದ ಹೆಂಡತಿಯ ಸದ್ದು ಅವನಿಗೆ ತೊಂದರೆ ಕೊಡಲಿಲ್ಲ. ಮಕ್ಕಳಾಗಲಿಲ್ಲ. ಅವನು ತೀರಿಕೊಂಡ ಮೇಲೆ ಅವಳು ತವರಿಗೆ ಹೋಗುತ್ತಾಳೆಂದು ಊರಿನವರೆಲ್ಲ ಅಂದುಕೊಂಡೆವು. ಹೋಗಲಿಲ್ಲ. ಬ್ಯಾಡ್ಮಿಂಟನ್ ಮನೆಯ ಒಳಮೂಲೆಯಲ್ಲಿ ಒಂದು ಒಲೆ ಹೂಡಿ, ಸೋಯಾ ಕಾಳಿನ ತೆಂಪೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರತೊಡಗಿದಳು.

ಇದು ನನ್ನ ಪಾಲಿಗೆ ಗ್ರಹಚಾರ. ನಾನು ಮರ್ಯೊನೊ, ಅದೇ ಬ್ಯಾಡ್ಮಿಂಟನ್ ಮನೆಯ ಬಾಗಿಲ ಪಕ್ಕ ಕೂತು ರ‍್ಯಾಕೆಟ್ಟುಗಳಿಗೆ ಗಟ್ಟಿಂಗಿನ ದಾರ ಬಿಗಿಯುವವನು. ಆ ಮನೆ ಹಿಂದೆ ಭತ್ತದ ಗೋದಾಮಾಗಿತ್ತು. ತಗಡಿನ ಸೂರು, ಕಿಟಕಿ ಅಷ್ಟಕ್ಕಷ್ಟೆ. ಗಾಳಿ ಆಡಿದರೆ ಶಟಲ್ ದಾರಿ ತಪ್ಪುತ್ತದೆ ಎಂದು ಫ್ಯಾನು ಹಾಕುವ ಹಾಗಿಲ್ಲ. ಅಂಥಲ್ಲಿ ಒಬ್ಬಳು ಮಧ್ಯಾಹ್ನದಿಂದ ಸಂಜೆಯವರೆಗೆ ಎಣ್ಣೆ ಕಾಯಿಸಿದರೆ ಏನಾಗಬೇಡ? ನನ್ನ ಗಟ್ಟಿನ ಸುರುಳಿಗಳಿಗೆಲ್ಲ ತೆಂಪೆಯ ವಾಸನೆ ಹಿಡಿಯಿತು. ಗೆದ್ದ ಹುಡುಗರ ರ‍್ಯಾಕೆಟ್ಟಿಗೂ ಅದೇ ವಾಸನೆ, ಸೋತವರದ್ದಕ್ಕೂ ಅದೇ. ನಾನು ನಮ್ಮ ಊರಿನ ರೀತಿಯಲ್ಲಿ ದೂರು ಹೇಳಿದೆ: "ಬು ತುಮಿನಾ, ನಿಮ್ಮ ಎಣ್ಣೆ ಎಷ್ಟು ಘಮಘಮ ಅನ್ನುತ್ತೆ!" ಅವಳು, "ಹೌದಾ ಪಾಕ್? ಹಾಗಿದ್ರೆ ಒಲೆನ ಇನ್ನೊಂಚೂರು ನಿಮ್ ಹತ್ರ ಎಳ್ಕೊಳ್ತೀನಿ" ಎಂದು ಎಳೆದುಕೊಂಡೇಬಿಟ್ಟಳು. ದೊಡ್ಡವರನ್ನು ಪಾಕ್ ಎಂದು ಕರೆಯುವಷ್ಟು ಮರ್ಯಾದೆ ಅವಳಿಗಿತ್ತು. ಅದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸುವುದನ್ನು ಅಂದೇ ಬಿಟ್ಟೆ.

ಅಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಒಬ್ಬಳು ವಿನಾರ್ನಿ. ಕಡ್ಡಿಯಂಥ ಹುಡುಗಿ, ಕೈಯಲ್ಲಿ ಮಾತ್ರ ಯಾವುದೋ ಜನ್ಮದ ಪುಣ್ಯ. ಅವಳು ಹಿಂದಿನ ಗೆರೆಯಿಂದ ಮಣಿಕಟ್ಟು ತಿರುಗಿಸಿದರೆ ಶಟಲ್ ನೆಟ್ಟಿನ ಆಚೆ ಬದಿಗೆ ಹೋಗಿ ಸತ್ತುಬೀಳುತ್ತಿತ್ತು. ನಾನು ಐವತ್ತು ವರ್ಷದಿಂದ ಆಟ ನೋಡಿದವನು, ಹೇಳುತ್ತೇನೆ, ಅಂಥ ಕೈ ಕಲಿಸಿ ಬರುವುದಲ್ಲ. ಅಪ್ಪ ಇಲ್ಲ. ಅಮ್ಮ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಾಳೆ. ವಿನಾರ್ನಿಗೂ ಅಲ್ಲೇ ಒಂದು ಮಿಷಿನ್ನು ಕಾದಿತ್ತು. ಅದರಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ: ಪ್ರಾಂತ್ಯದ ಆಯ್ಕೆ ಪಂದ್ಯ ಗೆಲ್ಲುವುದು. ಗೆದ್ದವಳೊಬ್ಬಳನ್ನು ಜಕಾರ್ತಾದ ತರಬೇತಿ ಕೇಂದ್ರಕ್ಕೆ ಕರೆದುಕೊಳ್ಳುತ್ತಾರೆ, ಊಟ, ವಸತಿ, ಓದು ಎಲ್ಲ ಅವರದ್ದೇ. ಎರಡನೆಯವಳಿಗೆ ಒಂದು ಲೋಟ ಕೊಡುತ್ತಾರೆ.

ಅವಳು ಎರಡನೆಯವಳೂ ಆಗಲಿಲ್ಲ. ಆ ವರ್ಷ ಸೆಮಿಫೈನಲ್ಲಿನಲ್ಲಿ ಎದುರಾಳಿ ಸೋಲೋ ಪಟ್ಟಣದವಳು. ವಿನಾರ್ನಿ ಅವಳನ್ನು ಅರೆದುಹಾಕಿ, ಗೆಲ್ಲಲು ಇನ್ನೊಂದೇ ಪಾಯಿಂಟು ಅನ್ನುವಲ್ಲಿಗೆ ತಂದಿದ್ದಳು. ಎದುರಾಳಿಯ ಚಿಕ್ಕಮ್ಮ ಅಂಕಣದ ಅಂಚಿನ ಬೆಂಚಿನಲ್ಲಿ ಕೂತಿದ್ದಳು. ನಯವಾದ ಹೆಂಗಸು, ಮುಖದ ತುಂಬ ನಗು. ವಿನಾರ್ನಿ ಸರ್ವಿಸ್‌ಗೆ ಕೈ ಎತ್ತುತ್ತಿದ್ದಂತೆ ಮೆಲ್ಲಗೆ ಕೇಳಿದಳು, "ಮಗಳೇ, ಊಟ ಆಯ್ತಾ?"

ವಿನಾರ್ನಿ ಕೈ ಇಳಿಸಿದಳು. ತಿರುಗಿ ತಲೆಬಾಗಿ, "ಆಯ್ತು ಬು. ನಿಮ್ದಾಯ್ತಾ?" ಎಂದಳು.

ದೊಡ್ಡವರು ಕೇಳಿದಾಗ ಸುಮ್ಮನಿರುವುದು ನಮ್ಮ ಮಕ್ಕಳಿಗೆ ಆಗದ ಕೆಲಸ. ಕೈಯಲ್ಲಿ ಕೆಂಡವಿದ್ದರೂ ಮೊದಲು ಉತ್ತರ ಕೊಟ್ಟು ಆಮೇಲೆ ಕೊಡವಿಕೊಳ್ಳುತ್ತವೆ. ಮುಂದಿನ ಸರ್ವಿಸ್‌ಗೆ ಆ ಚಿಕ್ಕಮ್ಮ ಅಮ್ಮನ ಆರೋಗ್ಯವನ್ನು ವಿಚಾರಿಸಿದಳು. ಅದರ ಮುಂದಿನದಕ್ಕೆ, ಪಾಪ ಎಷ್ಟು ಸೊರಗಿದೀಯಾ ಎಂದಳು. ಅಂಪೈರ್ ಏನು ಮಾಡಿಯಾನು? ಊಟ ಆಯ್ತಾ ಎಂದು ಕೇಳಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ. ವಿನಾರ್ನಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು, ಎಲ್ಲ ಪಾಯಿಂಟನ್ನೂ ಬಿಟ್ಟುಕೊಟ್ಟು ಸೋತಳು. ಸೋತ ಮೇಲೆ ಹೋಗಿ ಆ ಚಿಕ್ಕಮ್ಮನ ಕೈ ಮುಟ್ಟಿ ಹಣೆಗೆ ಒತ್ತಿಕೊಂಡು ಬಂದಳು. ನನಗೆ ಮೈಯೆಲ್ಲ ಉರಿಯಿತು. ಹೋಗಿ ಆ ಹೆಂಗಸಿಗೆ, ನಿಮಗೆ ಮಕ್ಕಳೆಂದರೆ ಎಷ್ಟು ಅಕ್ಕರೆ ಎಂದು ಹೇಳಿ ಬಂದೆ.

ವಯಸ್ಸಿನ ಲೆಕ್ಕದಲ್ಲಿ ವಿನಾರ್ನಿಗೆ ಉಳಿದದ್ದು ಮುಂದಿನ ವರ್ಷದ ಆಯ್ಕೆ ಒಂದೇ. ಅದೂ ತಪ್ಪಿದರೆ ಕಾಜಾ.

ತರಬೇತುದಾರ ಪಾಕ್ ಬಗ್ಯೊ ಒಂದು ಕಾಲಕ್ಕೆ ಪ್ರಾಂತ್ಯಕ್ಕೆ ಆಡಿದವರು, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಕಾಲಿಗೆ, ಕೈಗೆ ಕಲಿಸುವುದನ್ನೆಲ್ಲ ಕಲಿಸಿದ್ದೇನೆ, ಇನ್ನು ಮನಸ್ಸಿಗೆ ಕಲಿಸಬೇಕು ಎಂದು ಸೆಮಾರಾಂಗ್‌ಗೆ ಹೋಗಿ ಒಂದು ಶಿಬಿರ ಮುಗಿಸಿ ಬಂದರು. ಮಕ್ಕಳನ್ನು ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸಿದರು. "ಉಸಿರು ಒಳಗೆ... ಉಸಿರು ಹೊರಗೆ... ಈಗ ಕೊನೆಯ ಪಾಯಿಂಟು ಆಡ್ತಿದೀರಿ ಅಂತ ಮನಸ್ಸಲ್ಲೇ ನೋಡ್ಕೊಳ್ಳಿ." ಒಳ್ಳೆಯ ಪಾಠವೇ. ಆದರೆ ಸೆಕೆಗೆ, ಶಾಲೆ ಮುಗಿಸಿ ಬಂದ ದಣಿವಿಗೆ, ಇಬ್ಬರು ನಿದ್ದೆ ಹೋದರು. ಒಬ್ಬ ಗೊರಕೆ ಹೊಡೆದ.

ಮೂಲೆಯಿಂದ ತುಮಿನಾ ಕೂಗಿದಳು. "ಪಾಕ್ ಬಗ್ಯೊ! ದಿಂಬು ಬೇಕಿದ್ರೆ ಹೇಳಿ, ಮನೇಲಿ ನಾಲ್ಕಿದಾವೆ!"

ಎಲ್ಲರೂ ಕಣ್ಣು ಮುಚ್ಚಿಯೇ ನಕ್ಕರು. ವಿನಾರ್ನಿ ಮಾತ್ರ ಕಣ್ಣು ಬಿಟ್ಟು, ಎದ್ದು ನಿಂತು, "ಕ್ಷಮಿಸಿ ಬು, ಬೇಡ ಬು" ಎಂದಳು. ಪಾಕ್ ಬಗ್ಯೊ ಅವಳನ್ನು ನೋಡಿದರು. ಆಮೇಲೆ ತುಮಿನಾಳನ್ನು ನೋಡಿದರು. ಅವರಿಗೆ ಏನೋ ಹೊಳೆದದ್ದು ನನಗೆ ಇಲ್ಲಿಂದಲೇ ಕಾಣಿಸಿತು.

ಮರುದಿನ ಅವರು ಒಲೆಯ ಮುಂದೆ ಹೋಗಿ ನಿಂತರು. ಮಳೆ ಯಾಕೋ ತಡವಾಗಿದೆ ಎಂದರು. ತೆಂಪೆ ತುಂಬಾ ಗರಿಗರಿ ಎಂದರು. ಮನುಷ್ಯನಿಗೆ ನಾನಾ ತರದ ಪ್ರತಿಭೆಗಳಿರುತ್ತವೆ, ಕೆಲವರದ್ದು ಬೇಗ ಕಣ್ಣಿಗೆ ಬೀಳುವುದಿಲ್ಲ ಎಂದರು.

"ಪಾಕ್, ಏನ್ ಬೇಕೋ ಹೇಳ್ಬಿಡಿ. ಎಣ್ಣೆ ಹೊತ್ತುತ್ತೆ," ಎಂದಳು ತುಮಿನಾ.

"ಬೈಬೇಕಿತ್ತು."

"ಯಾರ್ನ?"

"ಮಕ್ಕಳನ್ನ. ಆಡೋವಾಗ."

"ಅಷ್ಟಕ್ಕೆ ಮಳೆ ವಿಷಯ ಯಾಕೆ ತಗೊಂಡ್ರಿ?"

ಹೀಗೆ ನಮ್ಮ ಊರಿನಲ್ಲಿ ಮೊದಲ ಬಾರಿಗೆ ಒಬ್ಬರನ್ನು ಬೈಯುವ ಕೆಲಸಕ್ಕೆ ಇಟ್ಟುಕೊಳ್ಳಲಾಯಿತು. ಪಾಕ್ ಬಗ್ಯೊ ಕಟ್ಟಳೆ ಹಾಕಿದರು. ಅಪ್ಪ ಅಮ್ಮನ ಸುದ್ದಿ, ಬಡತನ, ಮೈಬಣ್ಣ ಎತ್ತುವಂತಿಲ್ಲ. ಉಳಿದದ್ದೆಲ್ಲ ಅವಳ ಇಷ್ಟ. ಮಕ್ಕಳಿಗೆ ಒಂದೇ ಕಟ್ಟಳೆ: ಯಾರು ಏನೇ ಅಂದರೂ ಉತ್ತರ ಕೊಡಕೂಡದು, ತಿರುಗಿ ನೋಡಕೂಡದು. ಬಾಯಿಬಿಟ್ಟವರು ಆ ದಿನದ ಚಹಾ ಲೋಟಗಳನ್ನೆಲ್ಲ ತೊಳೆಯಬೇಕು.

ಅವಳು ಒಲೆಯನ್ನು ಅಂಕಣದ ಅಂಚಿಗೆ ಎಳೆದುಕೊಂಡಳು. ನನ್ನಿಂದ ದೂರ ಹೋಯಿತಲ್ಲ ಎಂದು ನಾನು ಮನಸ್ಸಿನಲ್ಲೇ ವಿನಾರ್ನಿಗೆ ಹರಸಿದೆ. ಹೂಹೂವಿನ ನೈಟಿ, ತಲೆಗೆ ಬಿಗಿದ ವಸ್ತ್ರ, ಕೈಯಲ್ಲಿ ಜಾಲರಿ ಸೌಟು. ಶುರುಮಾಡಿದಳು.

"ಏ, ಅದು ಸರ್ವಿಸ್ಸಾ? ಅಂಚೇಲಿ ಹಾಕಿದ್ರೆ ಇದಕ್ಕಿಂತ ಬೇಗ ಹೋಗಿ ಮುಟ್ಟೋದು!"

"ನೆಟ್ಟು ನಿಂಗೆ ಸೋದರಮಾವನಾ? ಬಂದಿದ್ದೆಲ್ಲ ಅದಕ್ಕೇ ಕೊಡ್ತೀಯಲ್ಲ!"

"ಓಡೇ! ಶಟಲ್ಲಿನ ಪುಕ್ಕ ಬಾತುಕೋಳಿದು ಅಂತ ನೀನೂ ಹಾಗೇ ನಡೀಬೇಕಾ?"

ಮೊದಲ ವಾರ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಎರಡನೆಯ ವಾರ ಅಳು ತಡೆಯಲಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕಿವುಡರಾದರು. ವಿನಾರ್ನಿ ಮಾತ್ರ ಆಗಲಿಲ್ಲ. "ಕಾಲಿಗೆ ಏನ್ ಬಡ್ಕೊಂಡಿದ್ಯೇ ನಿಂಗೆ?" ಅಂದರೆ ಸಾಕು, "ಏನಿಲ್ಲ ಬು, ಚೆನ್ನಾಗಿದೆ ಬು" ಎಂದು ಬಾಯಿಗೆ ಬಂದುಬಿಡುತ್ತಿತ್ತು. ಕೂಡಲೇ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಆ ಮನೆಯ ಲೋಟಗಳನ್ನೆಲ್ಲ ಅವಳೊಬ್ಬಳೇ ತೊಳೆದಳು. ಲೋಟಗಳು ಅಷ್ಟು ಫಳಫಳ ಹೊಳೆದದ್ದನ್ನು ನಾನು ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ತುಮಿನಾಗೆ ತಲೆಬಿಸಿಯಾಯಿತು. ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತಳು. "ಪಾಕ್, ಈ ಹುಡುಗಿಗೆ ಬೈಗುಳ ನಾಟಲ್ಲ. ಬೈದ್ರೆ ಹೆದ್ರಲ್ಲ, ಉಪಚಾರ ಮಾಡಕ್ ಬರ್ತಾಳೆ. ಏನ್ ಮಾಡ್ಲಿ?"

ನಾನು ಆ ಸೋಲೋ ಚಿಕ್ಕಮ್ಮನ ಕಥೆಯನ್ನು ಹೇಳಿದೆ. ತುಮಿನಾ ಪೂರ್ತಿ ಕೇಳಿಸಿಕೊಂಡಳು. "ನಿಮ್ ಕಡೆಯವ್ರು ಬಲು ಕೆಟ್ಟವ್ರಪ್ಪಾ," ಎಂದು ಎದ್ದುಹೋದಳು.

ಅಂದಿನಿಂದ ಅವಳು ವಿನಾರ್ನಿಗೆ ಬೈಗುಳದ ಜೊತೆಗೆ ಪ್ರಶ್ನೆಗಳನ್ನೂ ಎಸೆಯತೊಡಗಿದಳು. ಊಟ ಆಯ್ತಾ, ಅಮ್ಮ ಹೇಗಿದಾರೆ, ನಾಳೆ ಶಾಲೆ ಇದ್ಯಾ, ನಿಮ್ಮ ಓಣಿಯಲ್ಲಿ ಯಾರಿಗೋ ಮಗು ಆಯ್ತಂತಲ್ಲ, ಗಂಡಾ ಹೆಣ್ಣಾ? ಸರಿಯಾಗಿ ಸರ್ವಿಸ್‌ನ ಹೊತ್ತಿಗೇ. ಪಾಕ್ ಬಗ್ಯೊ ಒಂದು ಕಡೆಯಿಂದ "ಉಸಿರು, ವಿನಾರ್ನಿ, ಉಸಿರು" ಅನ್ನುವುದು, ಇವಳು ಇನ್ನೊಂದು ಕಡೆಯಿಂದ "ಹೇಳೇ, ಗಂಡಾ ಹೆಣ್ಣಾ?" ಅನ್ನುವುದು. ಹುಡುಗಿಯ ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು. ಒಂದು ದಿನ ಅವಳು ಉಸಿರು ಬಿಟ್ಟು, ತಿರುಗದೆ, ಸರ್ವಿಸ್ ಮಾಡಿದಳು. ಪಾಯಿಂಟು ಬಂತು. ಆಟ ಮುಗಿದ ಮೇಲೆ ಓಡಿಬಂದು, "ಹೆಣ್ಣು, ಬು" ಎಂದಳು.

"ಈಗ ಯಾರ್ ಕೇಳಿದ್ರು?" ಎಂದಳು ತುಮಿನಾ. ಸೆರಗಿಲ್ಲದ್ದಕ್ಕೆ ನೈಟಿಯ ತೋಳಿನಲ್ಲಿ ಮೂಗು ಒರೆಸಿಕೊಂಡು, ಹೊಗೆ ಎಂದಳು. ಒಲೆ ಆಗ ಆರಿತ್ತು.

ಅವಳು ಆ ಹುಡುಗಿಯನ್ನು ಒಮ್ಮೆಯೂ ಹೊಗಳಲಿಲ್ಲ. ಹೊಗಳಿದರೆ ಕೆಲಸ ಕೆಡುತ್ತದೆ ಎಂದು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಆದರೆ ಎಲ್ಲರಿಗೂ ಎರಡು ತುಂಡು ತೆಂಪೆ ಸಿಕ್ಕರೆ ವಿನಾರ್ನಿಯ ಎಲೆಯಲ್ಲಿ ಮೂರು ಇರುತ್ತಿದ್ದವು. ಕೇಳಿದರೆ, "ಅದು ಮುರಿದಿದ್ದು, ಯಾರೂ ತಗೊಳಲ್ಲ" ಅನ್ನುತ್ತಿದ್ದಳು. ಅದು ಮುರಿದಿರುತ್ತಿರಲಿಲ್ಲ.

ಆ ವರ್ಷದ ಆಯ್ಕೆ ಪಂದ್ಯ ತೆಗಾಲ್‌ನಲ್ಲೇ ಬಿತ್ತು. ಒಂದು ಬಾಡಿಗೆ ವ್ಯಾನು ಮಾಡಿಕೊಂಡು ಹೊರಟೆವು: ಮಕ್ಕಳು, ಪಾಕ್ ಬಗ್ಯೊ, ಗಟ್ ಕಿತ್ತುಹೋದರೆ ಇರಲಿ ಎಂದು ನಾನು, ಯಾಕೆಂದು ಯಾರೂ ಕೇಳಲಾರದ ತುಮಿನಾ. ತವರು ಹತ್ತಿರವಾದ ಹಾಗೆ ಅವಳ ಗಂಟಲು ಇನ್ನೂ ಅಗಲವಾಯಿತು. ಪಾಕ್ ಬಗ್ಯೊ ಅವಳಿಂದ ಮಾತು ತೆಗೆದುಕೊಂಡರು. ಪಂದ್ಯದ ದಿನ ಬೈಯುವಂತಿಲ್ಲ, ಸುಮ್ಮನೆ ಕೂತಿರಬೇಕು.

"ಬೈಯಲ್ಲ ಪಾಕ್. ದೇವರಾಣೆ ಒಂದ್ ಬೈಗುಳಾನೂ ಬರಲ್ಲ," ಎಂದಳು. ಅವಳು ಆ ಮಾತನ್ನು ಅಕ್ಷರಶಃ ಉಳಿಸಿಕೊಂಡಳು. ಅದೇ ಆಪತ್ತಾಯಿತು.

ವಿನಾರ್ನಿ ಫೈನಲ್ಲಿಗೆ ಬಂದಳು. ಎದುರಿಗೆ ಆ ಊರಿನದೇ ಹುಡುಗಿ ನೋವಿತಾ, ಗಟ್ಟಿ ಮೈಯವಳು, ಹೊಡೆದರೆ ಶಟಲ್‌ನ ಪುಕ್ಕ ಉದುರುತ್ತಿತ್ತು. ಊರಿಗೆ ಊರೇ ಬಂದು ಮೆಟ್ಟಿಲ ಮೇಲೆ ಕೂತಿತ್ತು. ನೋವಿತಾಳ ಒಂದೊಂದು ಹೊಡೆತಕ್ಕೂ "ಈ...ಯಾ!" ವಿನಾರ್ನಿ ಶಟಲ್ ಮುಟ್ಟಿದರೆ "ಹೂ..." ತುಮಿನಾಳಂಥವರು ಸಾವಿರ ಜನ ಒಂದೇ ಸೂರಿನ ಕೆಳಗೆ.

"ಏ ಕಡ್ಡೀ! ಗಾಳಿ ಬಂದ್ರೆ ಹಾರಿಹೋಗ್ತೀಯಾ, ಕಂಬ ಹಿಡ್ಕೋ!"

"ಕ್ಲಾತೆನ್ನೋರೇ, ಹೊಡೆಯೋಕ್ ಮುಂಚೆ ಶಟಲ್ಲಿಗೆ ನಮಸ್ಕಾರ ಮಾಡ್ತೀರಾ?"

ಬೇರೆ ಊರಿನ ಹುಡುಗಿಯರು ಅಲ್ಲಿ ಕಣ್ಣೀರು ಹಾಕಿಕೊಂಡು ಹೋಗಿದ್ದರು. ವಿನಾರ್ನಿ ಮಾತ್ರ ನಮ್ಮ ಗೋದಾಮಿನಲ್ಲಿ ಆಡುವ ಹಾಗೆ ಆಡುತ್ತಿದ್ದಳು. ಅವಳಿಗೆ ಅದು ದಿನದ ಮಧ್ಯಾಹ್ನ. ಮೊದಲ ಗೇಮ್ ಗೆದ್ದಳು, ಎರಡನೆಯದನ್ನು ನೋವಿತಾ ಕಿತ್ತುಕೊಂಡಳು. ಮೂರನೆಯದರಲ್ಲಿ ನಮ್ಮ ಹುಡುಗಿಯ ಮಣಿಕಟ್ಟು ಮಾತಾಡತೊಡಗಿತು. ಇಪ್ಪತ್ತು, ಹದಿನೇಳು. ಇನ್ನೊಂದು ಪಾಯಿಂಟು ಬಂದರೆ ಜಕಾರ್ತಾ.

ನನ್ನ ಪಕ್ಕದಲ್ಲಿ ತುಮಿನಾ ಮೆಟ್ಟಿಲ ತುದಿಗೆ ಜರುಗಿದ್ದಳು. ವಿನಾರ್ನಿ ಸರ್ವಿಸ್‌ಗೆ ಕೈ ಎತ್ತಿದಳು. ಆಗ ಇವಳು ತಡೆಯಲಾರದೆ ಎದ್ದು ನಿಂತಳು. ಬೈಯುವುದಿಲ್ಲ ಎಂದು ಆಣೆ ಇಟ್ಟಿದ್ದಳಲ್ಲ.

"ಎಷ್ಟ್ ಚೆನ್ನಾಗಿ ಆಡ್ತಿದೀಯೇ ನನ್ನ ಕಂದಾ!"

ವಿನಾರ್ನಿ ಗಕ್ಕನೆ ನಿಂತಳು. ತಿರುಗಿ ನೋಡಿದಳು. ಮುಖ ಬಿಳುಚಿತ್ತು. ಆಮೇಲೆ ಅವಳೇ ಹೇಳಿದಳು: ಆ ಬಾಯಿಂದ ಒಳ್ಳೆಯ ಮಾತು ಕೇಳಿ, ಊರಲ್ಲಿ ತನ್ನ ಅಮ್ಮನಿಗೆ ಏನೋ ಆಗಿದೆ ಎಂದೇ ಅವಳು ತಿಳಿದಳಂತೆ. ಸರ್ವಿಸ್ ನೆಟ್ಟಿಗೆ ಹೋಯಿತು.

ಕೇಳಿಸಲಿಲ್ಲವೇನೋ ಎಂದು ತುಮಿನಾ ಇನ್ನೂ ಜೋರಾಗಿ ಕೂಗಿದಳು. "ಪರವಾಗಿಲ್ಲ ಬಂಗಾರಾ! ನಿನ್ನಂಥ ಹುಡುಗಿ ಎಲ್ಲೂ ಇಲ್ಲ!"

ವಿನಾರ್ನಿಯ ಬಾಯಿ ತಾನಾಗಿ ತೆರೆಯಿತು. "ತುಂಬಾ ಉಪಕಾರ ಬು," ಎಂದು ತಲೆಬಾಗಿದಳು. ತಲೆ ಎತ್ತುವಷ್ಟರಲ್ಲಿ ನೋವಿತಾಳ ಸರ್ವಿಸ್ ಹಿಂದಿನ ಗೆರೆಯ ಮೇಲೆ ಬಿದ್ದಿತ್ತು. ಹತ್ತೊಂಬತ್ತು.

ನಾನು ತುಮಿನಾಳ ತೋಳು ಹಿಡಿದು ಜಗ್ಗಿದೆ. "ಬು, ಸುಮ್ನಿರಿ. ಕೂತ್ಕೊಳ್ಳಿ." ನಮ್ಮ ಊರಿನ ಸ್ವರದಲ್ಲಿ ಹೇಳಿದೆ, ಯಾರಿಗೆ ಕೇಳಿಸೀತು? ಅವಳು ಅಳುತ್ತಿದ್ದಳು, ಅಳುತ್ತಲೇ ಹೊಗಳುತ್ತಿದ್ದಳು. ಒಂದು ವರ್ಷದಿಂದ ಒಳಗೆ ಇಟ್ಟುಕೊಂಡದ್ದೆಲ್ಲ ಒಟ್ಟಿಗೇ ಬರುತ್ತಿತ್ತು. ಕೈಯನ್ನು ಹೊಗಳಿದಳು, ಕಾಲನ್ನು ಹೊಗಳಿದಳು, ತೊಳೆದ ಲೋಟಗಳನ್ನು ಹೊಗಳಿದಳು. ವಿನಾರ್ನಿಯ ಕಣ್ಣು ತುಂಬಿ, ಎದುರಿಗೆ ಬಂದ ಸುಲಭದ ಶಟಲ್ಲನ್ನು ಹೊರಗೆ ಹೊಡೆದಳು. ಇಪ್ಪತ್ತು, ಇಪ್ಪತ್ತು. ತೆಗಾಲ್‌ನವರು ಕುಣಿದಾಡಿದರು. ಈ ಹೆಂಗಸು ಯಾರೋ ಕಾಣೆ, ನಮ್ಮ ಕಡೆಯವಳೇ ಇರಬೇಕು ಎಂದು ಹಿಂದಿನವರು ಮಾತಾಡಿಕೊಂಡರು.

ವಿನಾರ್ನಿ ಬೆವರು ಒರೆಸಿಕೊಳ್ಳಲು ಅಂಪೈರನ್ನು ಕೇಳಿ ಅಂಚಿಗೆ ಬಂದಳು. ಟವಲನ್ನು ಮುಖಕ್ಕೆ ಒತ್ತಿಕೊಂಡು ನಿಂತಳು. ಹೆಗಲು ಏರಿ ಇಳಿಯಿತು, ಮತ್ತೆ ಏರಿ ಇಳಿಯಿತು. ಪಾಕ್ ಬಗ್ಯೊ ತುಟಿಯಲ್ಲೇ ಉಸಿರು, ಉಸಿರು ಅನ್ನುತ್ತಿದ್ದರು. ಟವಲ್ ಇಳಿಸಿ ಅವಳು ನೇರ ನಮ್ಮ ಸಾಲಿನ ಮುಂದೆ ಬಂದಳು. ತುಮಿನಾಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬು, ಸಾಕು. ಬಾಯ್ ಮುಚ್ಕೊಂಡ್ ಕೂತ್ಕೊಳ್ಳಿ."

ಕ್ಲಾತೆನ್‌ನ ಹುಡುಗಿ, ತನ್ನ ಅಜ್ಜಿಯಾಗಬಹುದಾದವರಿಗೆ, ಎಲ್ಲರ ಎದುರಿಗೆ! ಹಾಗೆ ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ತೆಗಾಲ್‌ನವರೇ ಬೆಚ್ಚಿದರು. ತುಮಿನಾ ಕೂತಳು. ಸೌಟು ಹಿಡಿಯುವ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

ವಿನಾರ್ನಿ ಹಿಂದಿರುಗಿ ಹೋದಳು. ಮುಂದಿನ ಎರಡು ಪಾಯಿಂಟುಗಳನ್ನು ಅವಳು ಹೇಗೆ ಆಡಿದಳೆಂದರೆ ನೋಡಲು ನನಗೆ ಎರಡು ಕಣ್ಣು ಸಾಲಲಿಲ್ಲ. ಮೊದಲನೆಯದು ನೆಟ್ಟಿನ ಮೇಲೆ ಉರುಳಿ ಆಚೆಗೆ ಬಿತ್ತು. ಎರಡನೆಯದಕ್ಕೆ ನೋವಿತಾ ಹೊಡೆದಳು, ಹೊಡೆದಳು, ಹೊಡೆದಳು. ವಿನಾರ್ನಿ ಎತ್ತಿದಳು, ಎತ್ತಿದಳು, ಒಂದನ್ನು ಎತ್ತುವ ಹಾಗೆ ಮಾಡಿ ಮೆಲ್ಲಗೆ ಬಿಟ್ಟಳು. ಅದು ಬಿದ್ದಲ್ಲೇ ಬಿದ್ದಿತು. ಆ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬೈಯುತ್ತಲೇ ತಟ್ಟಿದರು.

ಹಿಂದಿರುಗುವಾಗ ವ್ಯಾನಿನಲ್ಲಿ ತುಮಿನಾ ಕಿಟಕಿಯ ಪಕ್ಕ ಕೂತು ಒಂದು ಮಾತೂ ಆಡಲಿಲ್ಲ. ನಾವು ಕ್ಲಾತೆನ್‌ನವರು, ಯಾರೂ ಏನೆಂದು ಕೇಳಲಿಲ್ಲ. ವಿನಾರ್ನಿ ಕಪ್ಪನ್ನು ಸೀಟಿನ ಕೆಳಗೆ ತಳ್ಳಿ, ಗೆದ್ದವಳಂತಿರದೆ ಕಳ್ಳಿಯಂತೆ ತಲೆ ತಗ್ಗಿಸಿ ಕೂತಿದ್ದಳು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವಳು ಹೋಗಿ ತುಮಿನಾಳ ಮುಂದೆ ನೆಲಕ್ಕೆ ಮಂಡಿಯೂರಿ, ಅವಳ ಮಂಡಿಗೆ ಹಣೆ ಹಚ್ಚಿದಳು. ಹಬ್ಬದ ದಿನ ಹೆತ್ತವರ ಕ್ಷಮೆ ಬೇಡುವ ರೀತಿಯಲ್ಲಿ.

"ತಪ್ಪಾಯ್ತು ಬು."

"ಏಳೇ. ಕೆಸರಿದೆ ಅಲ್ಲಿ."

"ನಿಮಗೆ ಹಾಗ್ ಹೇಳ್ಬಾರ್ದಿತ್ತು."

"ಹೇಳದೆ ಇನ್ನೇನ್ ಮಾಡ್ತಿದ್ದೆ? ನನ್ನ ಮಾತಿಗೆ ಉಪಚಾರ ಹೇಳ್ತಾ ನಿಂತಿದ್ರೆ ಸೋಮವಾರ ಕಾಜಾ ಹೊಲಿಯೋಕ್ ಹೋಗ್ಬೇಕಿತ್ತು." ತುಮಿನಾ ಚಹಾ ಲೋಟ ಕೆಳಗಿಟ್ಟಳು. "ನಾನೇ ನಿನ್ನ ಕಳಿಸಿಬಿಡ್ತಿದ್ದೆ ಕಣೇ ಅಲ್ಲಿಗೆ. ನಾನೇ. ವ್ಯಾನ್ ಹತ್ತಿದಾಗಿನಿಂದ ಅದೇ ಯೋಚ್ನೆ. ಹೊಗಳೋದು ನಂಗೆ ಗೊತ್ತಿಲ್ಲ, ಎಷ್ಟು ಹಾಕ್ಬೇಕು ಅಂತ ತಿಳಿಯಲ್ಲ. ಪಾತ್ರೆನೇ ಮಗುಚಿಬಿಟ್ಟೆ."

ವಿನಾರ್ನಿ ತಲೆ ಎತ್ತಲಿಲ್ಲ. ತುಮಿನಾ ಅವಳ ಬೆವರಿನ ಕೂದಲನ್ನು ಸರಿಸುತ್ತ ಕೂತಳು. ಚಹಾ ಆರಿತು. ನಾವೆಲ್ಲ ರಸ್ತೆಯ ಕಡೆ ನೋಡುತ್ತ ನಿಂತೆವು.

ಜಕಾರ್ತಾಕ್ಕೆ ಹೋಗಲು ಇನ್ನೂ ಕೆಲವು ವಾರಗಳಿದ್ದವು. ಪಾಕ್ ಬಗ್ಯೊ ಪಾಠ ಬದಲಿಸಿದರು. ದೊಡ್ಡ ಪಂದ್ಯಗಳಲ್ಲಿ ಬೈಯುವವರಿಗಿಂತ ಹೊಗಳುವವರು ಹೆಚ್ಚು, ಅದಕ್ಕೂ ಹುಡುಗಿ ತಯಾರಾಗಬೇಕು, ಹಾಗಾಗಿ ಇನ್ನು ಮೇಲೆ ಬು ತುಮಿನಾ ದಿನಾ ಹೊಗಳಬೇಕು ಎಂದರು. ಅವಳ ಪಾಡು ನೋಡಲಾಗುತ್ತಿರಲಿಲ್ಲ. ಸೌಟು ಹಿಡಿದು ಬಹಳ ಹೊತ್ತು ಯೋಚಿಸಿ, "ನಿನ್ನ... ಮೂಗು ನೆಟ್ಟಗಿದೆ" ಎಂದಳು. ಇನ್ನೊಂದು ದಿನ, "ನಿನ್ನೆಯಷ್ಟು ಕೆಟ್ಟದಾಗಿಲ್ಲ" ಎಂದಳು. ವಿನಾರ್ನಿ ತಿರುಗಿ ನೋಡದೆ ಆಡಿದಳು. ಬೆನ್ನು ಮಾತ್ರ ನಗುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಎಲ್ಲರೂ ಹೋದೆವು. ವಿನಾರ್ನಿ ಅಮ್ಮನ ಕೈ ಹಣೆಗೆ ಒತ್ತಿಕೊಂಡಳು, ಪಾಕ್ ಬಗ್ಯೊರ ಕೈ, ನನ್ನ ಕೈ. ನಾನು ನಮ್ಮ ಪದ್ಧತಿಯಂತೆ ಜಾಗ್ರತೆ ಮಗಳೇ, ಊಟ ಬಿಡಬೇಡ ಎಂದೆ. ಕೊನೆಗೆ ತುಮಿನಾಳ ಮುಂದೆ ನಿಂತಳು.

"ಬೈದು ಕಳ್ಸಿ ಬು."

ತುಮಿನಾ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಮತ್ತೆ ತೆರೆದಳು. ಕಂಡಕ್ಟರ್ ಕೂಗುತ್ತಿದ್ದ.

"ಒಂದೇ ಒಂದು, ಬು."

"ಆಗಲ್ಲ ಹೋಗೇ," ಎಂದಳು ತುಮಿನಾ. "ಈಗ ನಿನ್ನ ಬೈಯೋಕೆ ನನ್ ಕೈಲಿ ಆಗಲ್ಲ. ಹತ್ತು, ಬಸ್ ಹೊರಡ್ತಿದೆ."

ಹುಡುಗಿ ಹತ್ತಿದಳು. ಕಿಟಕಿಯಿಂದ ಕೈ ಹೊರಗೆ ಚಾಚಿ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಎತ್ತದಷ್ಟು ದೊಡ್ಡ ದನಿಯಲ್ಲಿ, ಇಡೀ ನಿಲ್ದಾಣಕ್ಕೆ ಕೇಳಿಸುವ ಹಾಗೆ, "ಅಮ್ಮಾ, ಬರ್ತೀನಿ!" ಎಂದು ಕೂಗಿದಳು. ಹೆತ್ತ ತಾಯಿ ಕೈ ಎತ್ತಿದಳು. ಹುಡುಗಿ ನೋಡುತ್ತಿದ್ದದ್ದು ತುಮಿನಾಳನ್ನು. ಆ ತಾಯಿಗೂ ಅದು ಕಂಡಿತು, ಅವಳು ಕೈ ಇಳಿಸದೆ ಇನ್ನೊಂದು ಕೈಯಿಂದ ತುಮಿನಾಳ ಬೆನ್ನು ಮುಟ್ಟಿದಳು.

ತುಮಿನಾ ಹೋಗು ಅನ್ನುವಂತೆ ಕೈ ಬೀಸಿದಳು. ಬಸ್ಸು ಸೇತುವೆ ದಾಟುವವರೆಗೂ ಬೀಸುತ್ತಲೇ ಇದ್ದಳು. ಆಮೇಲೆ ನಡುರಸ್ತೆಯಲ್ಲಿ ಬಾಯಿ ಬಿಟ್ಟು ಅತ್ತಳು. ನಮ್ಮ ಊರಿನಲ್ಲಿ ಹಾಗೆ ಯಾರೂ ಅಳುವುದಿಲ್ಲ.